ಹವಳದ ಕೆಸರು

ದ್ವೀಪಗಳ ರಾಣಿಯನ್ನು ಹೊನೊಲುಲುವಿನಲ್ಲಿ ಅವಳದೇ ಅರಮನೆಯೊಳಗೆ ಕೂಡಿಹಾಕಿದ ವರ್ಷ ಹುಟ್ಟಿದವಳು ಕಪೇಕ. "ನೀನು ಕಾಲಿಟ್ಟೆ, ರಾಣಿ ಸೆರೆ ಸೇರಿದ್ಲು" ಎಂದು ಅಣ್ಣ ಲೋಪಕ ಚಿಕ್ಕಂದಿನಿಂದಲೂ ಅವಳನ್ನು ರೇಗಿಸುತ್ತಿದ್ದ.

ಮದುವೆಯಾಗಿ ಅವಳು ಸೇರಿದ್ದು ಅದೇ ಊರಿನ ಕಡಲಂಚಿನ ವೈಕೀಕಿಯಲ್ಲಿದ್ದ ಮೋಕೆಯ ಮನೆ. ಮುಂದೆ ಕಡಲು, ಹಿಂದೆ ಕೆಸುವಿನ ಗದ್ದೆ. ಗುಡ್ಡದಿಂದ ಇಳಿದ ಹೊಳೆ ಗದ್ದೆಗಳಿಗೆಲ್ಲ ನೀರುಣಿಸಿ, ನೆರೆಮನೆಯ ಚೀನೀ ಮುದುಕನ ಬಾತುಕೋಳಿಗಳನ್ನು ತೇಲಿಸಿ ಕಡಲಿಗೆ ಬೀಳುತ್ತಿತ್ತು. ಅಲ್ಲಿಯವರಿಗೆ ಮನೆಯೆಂದರೆ ಮಲಗಲಿಕ್ಕೆ ಮಾತ್ರ. ಉಳಿದ ಬದುಕೆಲ್ಲ ಬಯಲಲ್ಲೇ. ಮೋಕೆ ಮೊಣಕಾಲುದ್ದ ನೀರಿನಲ್ಲಿ ನಿಂತು ಗೆಡ್ಡೆ ಕೀಳುತ್ತಿದ್ದ. ಲೋಪಕ ಪ್ರವಾಸಿಗಳನ್ನು ದೋಣಿಯಲ್ಲಿ ಕೂರಿಸಿ, ಅಲೆಯ ಬೆನ್ನೇರಿ, ಅವರು ಕಿರುಚುತ್ತಿದ್ದಂತೆಯೇ ದಡ ಮುಟ್ಟಿಸುತ್ತಿದ್ದ. ನೀರು ಇಳಿದಾಗ ಕಪೇಕ ಹವಳದ ದಿಬ್ಬದ ಮೇಲೆ ಪಾಚಿ ಬಿಡಿಸುತ್ತಿದ್ದಳು. ಬೆನ್ನಿಗೆ ಕಟ್ಟಿಕೊಂಡ ಮಗ ಕಾವಿಕ ಅವಳ ಜಡೆ ಚೀಪುತ್ತಿದ್ದ.

ಮಗು ನಡೆಯಲು ಕಲಿತ ವರ್ಷವೇ ಊರಿಗೆಲ್ಲ ಬಂದ ಜ್ವರ ಅವನನ್ನೂ ಕೊಂಡೊಯ್ದಿತು. ಕಪೇಕ ತಾನೇ ಹೊಲಿದ ಕೌದಿಯಲ್ಲಿ ಅವನನ್ನು ಸುತ್ತಿದಳು. ಮೋಕೆ ಗದ್ದೆಯ ಬದುವಿನ ಕೇದಗೆ ಮರದ ಬುಡದಲ್ಲಿ ಗುಂಡಿ ತೋಡಿದ. ಸಂಜೆ ಕೆಲಸ ಮುಗಿಸಿದವನು ಅಲ್ಲೊಂದು ಗಳಿಗೆ ಕೂತೇ ಮನೆಗೆ ಬರುತ್ತಿದ್ದ.

ಆಮೇಲೆ ಸರ್ಕಾರದವರು ಬಂದರು. ಗದ್ದೆಯ ನೀರಿನಿಂದ ಸೊಳ್ಳೆ, ಸೊಳ್ಳೆಯಿಂದ ರೋಗ, ಆದ್ದರಿಂದ ಕಾಲುವೆ ತೋಡಿ ಹೊಳೆಯನ್ನು ತಿರುಗಿಸಬೇಕು, ಗದ್ದೆಗಳನ್ನು ಮುಚ್ಚಬೇಕು ಎಂದರು. ಗದ್ದೆಗಳ ಧಣಿ ಒಪ್ಪಿಕೊಂಡ, ಗೇಣಿದಾರರನ್ನು ಕೇಳುವವರು ಯಾರು? ಹೊಳೆ ನಿಂತಿತು. ಉಪ್ಪುನೀರು ನುಗ್ಗಿ ಕೆಸು ಕೊಳೆಯಿತು. ಚೀನೀ ಮುದುಕ ಬಾತುಕೋಳಿಗಳನ್ನೆಲ್ಲ ಮಾರಿ ಹೊರಟುಹೋದ. ಮೋಕೆ ಬೇರೆ ದಾರಿ ಕಾಣದೆ ಕಾಲುವೆಯ ಕೆಲಸಕ್ಕೇ ಸೇರಿದ. ಯಂತ್ರ ಕಡಲತಳದ ಹವಳ ಅಗೆದು ನೀರಿನ ಜೊತೆ ಕೊಳವೆಗೆ ನೂಕುತ್ತಿತ್ತು. ಆ ಕೆಸರು ಸುರಿದು ಗದ್ದೆ ಮುಚ್ಚುವಂತೆ ಕೊಳವೆಯ ಬಾಯನ್ನು ಗದ್ದೆಯಿಂದ ಗದ್ದೆಗೆ ತಿರುಗಿಸುವುದು ಅವನ ಪಾಲಿಗೆ ಬಂದ ಕೆಲಸ.

"ನಮ್ಮ ಗದ್ದೆಗೆ ಯಾವಾಗ ಬರುತ್ತೆ ಅದು?" ಎಂದು ಕಪೇಕ ಕೇಳಿದಳು.

"ಮಳೆಗಾಲ ಕಳೀಲಿ. ಮುದುಕನ ಬಾತುಕೋಳಿ ಕೊಳವೇ ಇನ್ನೂ ತುಂಬಿಲ್ಲ."

"ಅಷ್ಟರೊಳಗೆ ಮಗೂನ ತೆಗೀಬೇಕು ಮೋಕೆ. ಚರ್ಚಿನ ಅಂಗಳದಲ್ಲಿ ನಮ್ಮಪ್ಪನ ಪಕ್ಕ ಮಲಗಿಸೋಣ."

"ತೆಗೆಯೋಣ, ತೆಗೆಯೋಣ."

ಲೋಪಕನಿಗೆ ಅನುಮಾನ. "ಅವನ 'ತೆಗೆಯೋಣ' ನಂಬ್ಕೊಂಡು ಕೂತ್ರೆ ಆಗಲ್ಲ ತಂಗಿ. ಗುದ್ದಲಿ ಕೊಡು, ನಾನೇ ಅಗೀತೀನಿ."

"ಬೇಡ ಅಣ್ಣ. ಮಣ್ಣು ಹಾಕಿದ ಕೈಯೇ ತೆಗೀಬೇಕು."

ಮಳೆ ಇನ್ನೂ ಹಿಡಿದಿದ್ದ ಒಂದು ಬೆಳಿಗ್ಗೆ ಕಪೇಕ ದಿಬ್ಬದ ಮೇಲಿದ್ದಾಗ ಲೋಪಕ ದಡದಿಂದ ಕೂಗಿದ. "ಬೇಗ ಬಾರೇ! ಕೊಳವೆ ನಿಮ್ಮ ಗದ್ದೇಲಿದೆ!"

ಅವಳು ಓಡಿ ಬರುವಷ್ಟರಲ್ಲಿ ಬದು ಮುಳುಗಿತ್ತು. ಬೂದುಬಣ್ಣದ ಕೆಸರು ಭೋರೆಂದು ಸುರಿಯುತ್ತಿತ್ತು. ಕೇದಗೆ ಮರ ಒಂದು ಕಡೆಗೆ ವಾಲಿ, ಅವಳು ನೋಡುತ್ತಿದ್ದಂತೆಯೇ ಬೇರುಸಮೇತ ಮಗುಚಿತು. ಕೊಳವೆಯ ಬಾಯಲ್ಲಿ ನಿಂತಿದ್ದವನು ಮೋಕೆ.

"ನಿಲ್ಸೋ! ನಿನ್ ಮಗ ಕಣೋ ಅಲ್ಲಿ!" ಎಂದು ಕೂಗುತ್ತಾ ಅವಳು ಕೆಸರಿಗೆ ಇಳಿದಳು. ಹೆಜ್ಜೆ ಇಟ್ಟಂತೆಲ್ಲ ಕುಸಿದು ಎದೆಮಟ್ಟ ಹೂತುಹೋದಳು. ಆಗ ಮೋಕೆಗೆ ಎಚ್ಚರವಾದಂತಾಯಿತು. ಯಂತ್ರದ ಕಡೆಗೆ ಓಡಿ, ಅಡ್ಡ ಬಂದ ಮೇಸ್ತ್ರಿಯನ್ನು ನೂಕಿ, ಕೈಬೀಸಿ ಕಿರುಚಿ ನಿಲ್ಲಿಸಿದ. ಲೋಪಕ ದೋಣಿಯ ಹಗ್ಗ ಎಸೆದು ತಂಗಿಯನ್ನು ಎಳೆದುಕೊಂಡ.

ಅಂದು ಕತ್ತಲಾಗುವವರೆಗೂ ಮೂವರೂ ಅಗೆದರು. ತೆಗೆದಷ್ಟೂ ಸುತ್ತಲಿನ ಕೆಸರು ಜಾರಿ ಬಂದು ಗುಂಡಿಯನ್ನು ತುಂಬುತ್ತಿತ್ತು. ಹವಳದ ಚೂರು ತಾಗಿ ಕಪೇಕಳ ಬೆರಳುಗಳು ಹರಿದು ರಕ್ತ ಸುರಿಯಿತು.

"ಸಾಕು ಬಿಡೇ. ಎಲ್ಲಿ ಅಗೀತಿದೀವಿ ಅಂತ್ಲೇ ಈಗ ಗೊತ್ತಾಗ್ತಿಲ್ಲ" ಎಂದ ಲೋಪಕ.

"ಕೊಳವೆ ಇವತ್ತೇ ಇಲ್ಲಿಗೆ ಬರುತ್ತೆ ಅಂತ ನಿಂಗೆ ಗೊತ್ತಿತ್ತಾ?" ಕಪೇಕ ಗಂಡನತ್ತ ತಿರುಗಿದಳು.

ಮೋಕೆ ಗುದ್ದಲಿ ಕೆಳಗಿಟ್ಟ. "ಗೊತ್ತಿತ್ತು. ಹೋದ ಭಾನುವಾರ ನೀನು ಚರ್ಚಿಗೆ ಹೋದಾಗ ಅಗೆದೆ. ಕೌದಿ ಅಂಚು ಕಾಣ್ತು ಕಪೇಕ. ಬಣ್ಣ ಇನ್ನೂ ಹಾಗೇ ಇತ್ತು. ಅದರೊಳಗೆ ಅವನು ಹೇಗಿರ್ತಾನೋ ಅಂತ… ಕೈ ಬರಲಿಲ್ಲ. ಮತ್ತೆ ಮುಚ್ಚಿಬಿಟ್ಟೆ."

"ನನ್ನ ಕರೀಬಹುದಿತ್ತಲ್ಲೋ. ನಾನು ಎತ್ಕೋತಿದ್ದೆ."

ಅವನು ಗುದ್ದಲಿ ಎತ್ತಿಕೊಂಡು ಮತ್ತೆ ಅಗೆಯತೊಡಗಿದ.

ಮರುದಿನ ಬೆಳಿಗ್ಗೆ ಕೊಳವೆಯ ಬಾಯಿಗೆ ಬೇರೊಬ್ಬ ಆಳು ಬಂದ. ಮೋಕೆಯನ್ನು ಕೆಲಸದಿಂದ ತೆಗೆದಿದ್ದರು. ಗಂಡ ಹೆಂಡತಿ ಊರಿನ ಇನ್ನೊಂದು ತುದಿಯಲ್ಲಿ, ಬಂದರಿನ ಹತ್ತಿರ ಒಂದು ಕೋಣೆ ಹಿಡಿದರು. ಮೋಕೆ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತ. ಕಪೇಕ ಊಟ ಬಡಿಸುತ್ತಿದ್ದಳು, ಅಂಗಿ ಒಗೆಯುತ್ತಿದ್ದಳು. ಮಾತು ಮಾತ್ರ ಬೇಕಾದಷ್ಟೇ. "ಬೈದಾದ್ರೂ ಬಿಡೇ ಅವನಿಗೆ" ಎಂದು ಲೋಪಕ ಒಮ್ಮೆ ಬೇಡಿಕೊಂಡ. ಬೈಗುಳ ಬಂದಿದ್ದರೆ ಅವಳು ಎಂದೋ ಬೈದಿರುತ್ತಿದ್ದಳು.

ಕೆಸರು ಒಣಗಿ ಗಟ್ಟಿಯಾಗಲು ವರ್ಷಗಳೇ ಹಿಡಿದವು. ಅದರ ಮೇಲೆ ನೇರವಾದ ರಸ್ತೆಗಳೂ ಬೇಲಿ ಹಾಕಿದ ಮನೆಗಳೂ ಎದ್ದವು. ಒಂದು ವರ್ಷ ಕಾವಿಕ ಹುಟ್ಟಿದ ದಿನ ಬಂದಾಗ ಮೋಕೆ ಮೆಲ್ಲಗೆ "ಹೋಗಿ ಬರೋಣ್ವಾ?" ಎಂದು ಕೇಳಿದ. ಕಪೇಕ ಹೂಮಾಲೆ ಕಟ್ಟಿಕೊಂಡು ಹೊರಟಳು.

ರಸ್ತೆಯ ತಿರುವಿನಲ್ಲಿ ಅವನು ನಿಂತ. "ಇಲ್ಲೇ ಇತ್ತು ಮರ. ಗುಡ್ಡದ ತುದಿ ನೋಡು, ಇದೇ ನೇರಕ್ಕೆ."

"ಅಲ್ಲ. ಇನ್ನೂ ಕಡಲ ಕಡೆಗೆ" ಎಂದು ಅವಳು ಮುಂದೆ ನಡೆದು ಒಂದು ಬೇಲಿಯ ಬಳಿ ನಿಂತಳು. ಒಳಗೆ ಎಳೆಯ ಹುಲ್ಲಿಗೆ ಯಾರೋ ನೀರು ಹಾಕುತ್ತಿದ್ದರು.

ಅವಳು ಹಿಂತಿರುಗಲಿಲ್ಲ, ಅವನೂ ಮುಂದೆ ಬರಲಿಲ್ಲ. ಇಬ್ಬರ ನಡುವಿನ ರಸ್ತೆಯಲ್ಲಿ ಮೋಟಾರುಗಳು ಓಡುತ್ತಿದ್ದವು. ಕೊನೆಗೆ ಕಪೇಕ ಮಾಲೆಯ ದಾರವನ್ನು ಹಲ್ಲಿನಿಂದ ಕಡಿದು, ಅರ್ಧ ಹೂವನ್ನು ಬೇಲಿಯ ಬುಡದಲ್ಲಿಟ್ಟಳು. ಉಳಿದರ್ಧವನ್ನು ತಂದು ಗಂಡನ ಕೈಗೆ ಹಾಕಿದಳು.

"ನಿಂಗೆ ಎಲ್ಲಿ ಅನ್ಸುತ್ತೋ ಅಲ್ಲಿಡು" ಎಂದಳು.