ಬಿರಡೆ

ಕೋಪ ಬಂದರೆ ಅಕ್ಕನ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆ ಮಧ್ಯಾಹ್ನ ಎಷ್ಟು ಇಳಿದಿತ್ತೆಂದರೆ, ಡೋಜರಿನ ಅಡಿ ಮಲಗಿದ್ದ ತಮ್ಮ ಕಿವಿಗೊಟ್ಟು ಕೇಳಬೇಕಾಯಿತು.

"ಮತ್ತೆ ಬಿಗಿ ಮಾಡಿದೆಯೇನೋ?"

"ಮಾಡ್ದೆ. ಇನ್ನೂ ಬಿಗಿದ್ರೆ ಬ್ರೇಕ್ ಪಟ್ಟಿನೇ ಕಿತ್ಕೊಂಡು ಬರುತ್ತೆ."

ಅಪ್ಪ ಬಿಟ್ಟುಹೋದ ಡೋಜರ್ ಅದು. ಓಡಿಸುವವಳು ಅಕ್ಕ, ರಿಪೇರಿ ತಮ್ಮನದು. ಮೊನ್ನೆಯಿಂದ ಅದಕ್ಕೆ ಹಟ ಹತ್ತಿತ್ತು. ಮಣ್ಣು ತಳ್ಳುವಾಗ ತಾನಾಗಿಯೇ ಬಲಕ್ಕೆ ಎಳೆಯುವುದು; ಬಲಗಡೆಯ ಲಿವರ್ ಎಳೆದು, ಬ್ರೇಕ್ ತುಳಿದು ಬಲಕ್ಕೆ ತಿರುಗಿಸಹೋದರೆ ತಿರುಗದೆ ನೆಟ್ಟಗೆ ಮುಂದಕ್ಕೆ. ಬೇಡವೆಂದಾಗ ಬಂದು ಕೂತು, ಕರೆದಾಗ ಬಾರದ ನೆಂಟನ ಹಾಗೆ.

"ಸಂಜೆಯೊಳಗೆ ಸರಿಹೋಗದಿದ್ರೆ ಗುಜರಿಗೆ ಹಾಕೋಣ ಕಣಕ್ಕ," ಎಂದು ತಮ್ಮ ಬೆಳಿಗ್ಗೆ ಹೇಳಿದ್ದ. ಸಾಕಾಗಿಹೋಗಿ ಅವಳೂ ಹೂಂ ಅಂದಿದ್ದಳು. ಈಗ ಆ ಹೂಂ ವಾಪಸು ಬೇಕಿತ್ತು. ಅವಳಿಗೆ ಬರುತ್ತಿದ್ದದ್ದು ಡೋಜರ್ ಓಡಿಸುವ ಕೆಲಸವೊಂದೇ, ಕೂರಲು ಇದ್ದದ್ದು ಅಪ್ಪ ಕೂತು ತಗ್ಗಾದ ಆ ಸೀಟೊಂದೇ.

ಅವಳು ಹತ್ತಿ ಕೂತು ಬಲಗಡೆಯ ಬ್ರೇಕ್ ತುಳಿದಳು. ಕಲ್ಲು ತುಳಿದಂತಿತ್ತು. ಸಡಿಲವಾಗಿದ್ದರೆ ಬಿಗಿ ಮಾಡಿದಾಗಲೇ ಸರಿಹೋಗಬೇಕಿತ್ತು. ಇಷ್ಟು ಗಟ್ಟಿಯಾಗಿದ್ದೂ ನಿಲ್ಲಿಸುತ್ತಿಲ್ಲವೆಂದರೆ, ಹಿಡಿದದ್ದು ಜಾರುತ್ತಿದೆ. ಎಣ್ಣೆಗೈಯಲ್ಲಿ ಪಾತ್ರೆ ಹಿಡಿದ ಹಾಗೆ.

"ಈಚೆ ಬಾ," ಎಂದು ತಮ್ಮನನ್ನು ಎಬ್ಬಿಸಿ ತಾನೇ ಅಡಿಗೆ ತೂರಿದಳು. ಬಲಗಡೆಯ ಕ್ಲಚ್ಚು, ಬ್ರೇಕು ಇರುವ ಪೆಟ್ಟಿಗೆಯ ತಳದಲ್ಲಿ ಒಂದು ತೂತಿದೆ. ಹಳೆಯ ಸೀಲು ಒಸರಿದ ಎಣ್ಣೆ ಒಳಗೆ ನಿಲ್ಲದೆ ತೊಟ್ಟಿಕ್ಕಿ ಹೋಗಲೆಂದು ಅಪ್ಪ ಅದನ್ನು ತೆರೆದೇ ಇಟ್ಟಿರುತ್ತಿದ್ದ. ನೀರಿಗಿಳಿಯುವ ದಿನ ಮಾತ್ರ ಬಿರಡೆ ಹಾಕುವುದು, ಹೊರಬಂದೊಡನೆ ತೆಗೆಯುವುದು. ಅವಳ ಬೆರಳಿಗೆ ಬಿರಡೆ ತಾಕಿತು. ಈ ವರ್ಷ ಅವರು ನೀರಿಗಿಳಿದೇ ಇರಲಿಲ್ಲ.

ತಿರುಪಿ ತೆಗೆದಳು. ಕಪ್ಪು ಎಣ್ಣೆ ಬುಳುಬುಳು ಸುರಿದು ತೋಳು ನೆನೆಸಿತು. ಜೊತೆಗೆ ನೀರು, ನೊರೆ, ಸೋಪಿನ ವಾಸನೆ.

ಆಗ ಅವಳಿಗೆ ಎಲ್ಲ ಹೊಳೆಯಿತು. ಮೊನ್ನೆ ಅವಳು ಊರಿಗೆ ಹೋಗಿ ಬಂದಾಗ, ತಮ್ಮ ತೊಳೆದಿಟ್ಟ ಡೋಜರ್ ಥಳಥಳ ಅನ್ನುತ್ತಿತ್ತು. ತಮ್ಮನಿಗೂ ಇದರ ಮೇಲೆ ಅಕ್ಕರೆ ಇದೆಯಲ್ಲ ಎಂದು ಕಣ್ಣು ತುಂಬಿ, ಮನಸ್ಸಿನಲ್ಲೇ ದೇವರಿಗೆ ಕೈಮುಗಿದಿದ್ದಳು.

"ಯಾರಿಗೆ ತೋರಿಸೋಕೆ ತೊಳೆದೆ?"

ತಮ್ಮ ಕೈಯಲ್ಲಿದ್ದ ಸ್ಪ್ಯಾನರಿನ ತುಕ್ಕು ಕೆರೆಯುತ್ತ ನಿಂತ.

"ಗುಜರಿಯವನಿಗೆ, ಅಲ್ವೇನೋ?"

"ಮಣ್ಣು ಮೆತ್ಕೊಂಡಿದ್ರೆ ತೂಕದಲ್ಲಿ ಕಳೀತಾನಂತೆ. ನೀರು ಒಳಗೆ ಹೋಗ್ಬಾರ್ದು ಅಂತ ಬಿರಡೆ ಹಾಕ್ದೆ. ತೆಗೆಯೋದು ಮರೆತೆ ಅಕ್ಕ. ದೇವರಾಣೆ ಬೇಕಂತ ಮಾಡಿದ್ದಲ್ಲ."

"ದೇವರನ್ನ ಯಾಕೆ ಡೋಜರ್ ಅಡಿಗೆ ಎಳೀತೀಯ. ಲಾರಿ ಯಾವಾಗ ಬರುತ್ತೆ?"

"ಸಂಜೆಗೆ."

"ಅಂದ್ರೆ ನನ್ನ ಬಾಯಲ್ಲಿ ಹೂಂ ಅನ್ನಿಸೋ ಮೊದಲೇ ನೀನು ಅವನಿಗೆ ಹೂಂ ಅಂದಿದ್ದೆ."

ಅವಳು ಸೀಮೆಎಣ್ಣೆಯ ಡಬ್ಬ ತಂದಳು. ಬಿರಡೆ ಹಾಕಿ, ಪಟ್ಟಿಯ ಎಣ್ಣೆ ತೊಳೆದುಹೋಗಲೆಂದು ಪೆಟ್ಟಿಗೆಯೊಳಗೆ ಸೀಮೆಎಣ್ಣೆ ಹೊಯ್ದು, ಲಿವರ್ ಎಳೆಯುತ್ತ ಬ್ರೇಕ್ ತುಳಿಯುತ್ತ ಡೋಜರನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಳು, ಇಳಿದು ಬಸಿದಳು. ಬಸಿದದ್ದು ತಿಳಿಯಾಗುವ ತನಕ ಹಾಗೇ ಮಾಡಿದಳು. ತಮ್ಮ ಡಬ್ಬ ಎತ್ತಿಕೊಡಲು ಬಂದ. ಅವನ ಕೈಯಿಂದ ತೆಗೆದುಕೊಳ್ಳದೆ ಇನ್ನೊಂದನ್ನು ತಾನೇ ತಂದಳು.

ಎಲ್ಲ ಬಸಿದು, ಪಟ್ಟಿ ಒಣಗಿದ ಮೇಲೆ ಡೋಜರನ್ನು ಅಂಗಳದ ಗೇಟಿನ ತನಕ ಓಡಿಸಿದಳು. ಬಲಗಡೆಯ ಲಿವರ್ ಎಳೆದು ಬ್ರೇಕ್ ತುಳಿದಳು. ಬಲಗಡೆಯ ಚೈನು ನಿಂತಲ್ಲೇ ಕಚ್ಚಿಕೊಂಡಿತು. ಡೋಜರ್ ಕಿರ್ರೆಂದು ತಿರುಗಿ ಗೇಟಿಗೆ ಅಡ್ಡ ನಿಂತಿತು. ಅವಳು ಬ್ಲೇಡು ಇಳಿಸಿ, ಎಂಜಿನ್ ಆರಿಸಿ, ಹ್ಯಾಂಡಲ್ ಕಿತ್ತು ಹೆಗಲಿಗೇರಿಸಿದಳು. ಆ ಹ್ಯಾಂಡಲ್ ತಿರುಗಿಸದೆ ಎಂಜಿನ್ ಶುರುವಾಗುವಂತಿರಲಿಲ್ಲ.

ಗೇಟಿನಾಚೆ ಲಾರಿ ಹಾರ್ನ್ ಹೊಡೆಯಿತು.

"ಅಕ್ಕಾ, ಅವನಿಗೇನು ಹೇಳ್ಲಿ?"

"ಕರೆದವನು ನೀನು. ಡೋಜರ್ ತಿರುಗ್ತು ಅಂತ ಹೇಳು."

ಎಣ್ಣೆ ಮೆತ್ತಿದ್ದ ಬಿರಡೆಯನ್ನು ಅವನ ಅಂಗಿಯ ಜೇಬಿಗೆ ಹಾಕಿ, ಹಿಂತಿರುಗಿ ನೋಡದೆ ಒಳಗೆ ಹೋದಳು.