ಹನ್ನೊಂದು ನಲವತ್ತೆರಡರ ಕರೆ

ಫೈರ್‌ವಾಲ್ ನೋಡಿಕೊಳ್ಳುವವನ ಹಣೆಬರಹವೇ ಅಷ್ಟು. ಎಲ್ಲ ಸರಿಯಿದ್ದರೆ ಅಂಥವನೊಬ್ಬ ಇದ್ದಾನೆಂಬುದೇ ಯಾರಿಗೂ ನೆನಪಿರುವುದಿಲ್ಲ. ಕೌತಾಳಂ ಖರೀದಿ ಕೇಂದ್ರದಲ್ಲಿ ಒಂದು ಬಿಲ್ಲು ಐದು ನಿಮಿಷ ತಡವಾಗಲಿ, ಅವನ ವಂಶವನ್ನೆಲ್ಲ ಜಾಲಾಡುತ್ತಾರೆ. ಆದೋನಿಯ ಹತ್ತಿ ಮಿಲ್ಲೊಂದರಲ್ಲಿ ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದ ಕೃಷ್ಣಕಾಂತನಿಗೆ ಇದೆಲ್ಲ ರೂಢಿಯಾಗಿತ್ತು. ಕಂಪನಿಯ ಕಂಪ್ಯೂಟರು, ಫೋನುಗಳಿಗೂ ಹೊರಗಿನ ಇಂಟರ್‌ನೆಟ್ಟಿಗೂ ನಡುವೆ ಇದ್ದ ಒಂದೇ ಒಂದು ಬಾಗಿಲು ಅವನ ಕೈಯಲ್ಲಿತ್ತು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಅವನು ಬರೆದಿಟ್ಟದ್ದೇ ಅಲ್ಲಿ ಕಾಯಿದೆ. ಬಾಗಿಲು ತಟ್ಟಿದವರ ಹೆಸರು, ತಟ್ಟಿದ ಹೊತ್ತು ಎಲ್ಲ ಒಂದೊಂದು ಸಾಲಾಗಿ ಲಾಗ್‌ನಲ್ಲಿ ಉಳಿಯುತ್ತಿತ್ತು. ಬಿಟ್ಟದ್ದಕ್ಕೆ ಹಸಿರು ಸಾಲು, ತಡೆದದ್ದಕ್ಕೆ ಕೆಂಪು.

ಆ ಸೋಮವಾರ ಪೆದ್ದಕಡುಬೂರಿನ ಕೇಂದ್ರದವರು ಲೈನು ಪದೇ ಪದೇ ಹೋಗುತ್ತಿದೆ ಎಂದು ಗೋಳಾಡಿದರು. ಕಾರಣ ಹುಡುಕುತ್ತ ಕೃಷ್ಣಕಾಂತ ಹಿಂದಿನ ವಾರದ ಲಾಗ್ ತೆರೆದು ಕೂತ. ಪೆದ್ದಕಡುಬೂರಿನ ರೋಗ ಹತ್ತು ನಿಮಿಷದಲ್ಲಿ ಸಿಕ್ಕಿತು. ಯಾರೋ ಟೇಬಲ್ ಸರಿಸುವಾಗ ಕೇಬಲ್ಲು ಸಡಿಲ ಮಾಡಿದ್ದರು. ಆದರೆ ಹುಡುಕುವಾಗ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಅವನನ್ನು ಕುರ್ಚಿಯಿಂದ ಏಳಗೊಡಲಿಲ್ಲ. ದಿನಾ ಬೆಳಗ್ಗೆ ಹನ್ನೊಂದು ನಲವತ್ತೆರಡಕ್ಕೆ ಶುರುವಾಗಿ ಹನ್ನೊಂದು ಐವತ್ತೊಂದಕ್ಕೆ ಮುಗಿಯುವ ಹನ್ನೊಂದು ಕೆಂಪು ಸಾಲು. ಯಾರೋ ಫೋನಿನಿಂದ ಇಂಟರ್‌ನೆಟ್ ಕರೆ ಮಾಡಲು ನೋಡಿದ್ದಾರೆ, ಫೈರ್‌ವಾಲ್ ಹನ್ನೊಂದು ಸಲವೂ ತಡೆದಿದೆ. ಬಳಕೆದಾರರ ಹೆಸರಿನ ಜಾಗದಲ್ಲಿ ವಾಸುದೇವ ಎಂದಿತ್ತು.

ವಾಸುದೇವರಾಯರು ಕೃಷ್ಣಕಾಂತನ ತಂದೆ. ಅದೇ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಸ್ಟೋರ್‌ಕೀಪರ್ ಆಗಿದ್ದವರು. ಅವರು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಯಾವನೋ ಪಾಸ್‌ವರ್ಡ್ ಕದ್ದಿದ್ದಾನೆ ಎಂದುಕೊಂಡ ಕೃಷ್ಣಕಾಂತನಿಗೆ ಮೊದಲು ಬಂದದ್ದು ಸಿಟ್ಟು. ಸತ್ತವರ ಹೆಸರಿನಲ್ಲಿ ಆಟವಾಡುವವನ ಕೈ ಮುರಿಯಬೇಕು ಎಂದು ಗೊಣಗುತ್ತ ಒಂದೊಂದಾಗಿ ಪರೀಕ್ಷೆಗೆ ಇಳಿದ. ಫೈರ್‌ವಾಲಿನ ಗಡಿಯಾರ ಸರಿಯಿತ್ತು. ಹಳೆಯ ಲಾಗ್ ಹೊಸದರಲ್ಲಿ ಬೆರೆತಿರಲಿಲ್ಲ. ಪ್ರತಿ ಫೋನಿಗೂ ಹುಟ್ಟಿನಿಂದ ಬಂದ ಒಂದು ನಂಬರಿರುತ್ತದೆ. ಇಲ್ಲಿದ್ದದ್ದು ಅಪ್ಪನ ಫೋನಿನದೇ. ಆ ಫೋನು ಯಾವ ವೈಫೈ ಡಬ್ಬಿಯ ಮೂಲಕ ಬರುತ್ತಿದೆ ಎಂದು ನೋಡಿದರೆ ಸ್ಟೋರ್ ರೂಮಿನದು. ಆ ಡಬ್ಬಿಯನ್ನು ಅವನೇ ದಸರೆಯ ಹೊತ್ತಿಗೆ ಗೋಡೆಯಿಂದ ಬಿಚ್ಚಿ ತಂದು ತನ್ನ ಡ್ರಾಯರಿನಲ್ಲಿ ಹಾಕಿದ್ದ. ಡ್ರಾಯರು ಎಳೆದು ನೋಡಿದ. ಡಬ್ಬಿ ಅಲ್ಲೇ ಇತ್ತು, ಬಾಲದಷ್ಟು ವೈರು ಸಮೇತ. ಅದನ್ನು ಕೈಗೆತ್ತಿಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ.

ಮನೆಗೆ ಊಟಕ್ಕೆ ಹೋದವನು ತಾಯಿಯನ್ನು ಕೇಳಿದ. ‘ಅಮ್ಮಾ, ಅಪ್ಪನ ಫೋನು ಯಾರಿಗಾದ್ರೂ ಕೊಟ್ಟೀಯೇನು?’

ಸಕ್ಕೂಬಾಯಿ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ‘ಯಾರಿಗ್ ಕೊಡಲಿ? ಅವರ ಧೋತರದ ಮಡಿಕ್ಯಾಗ ಇಟ್ಟೀನಿ. ಯಾಕ ಕೇಳ್ತಿ?’

‘ಸುಮ್ನ.’

ಅಲಮಾರಿ ತೆಗೆದು ನೋಡಿದ. ಧೋತರದ ಮಡಿಕೆಯಲ್ಲಿ ಫೋನು ಕಪ್ಪಗೆ ಬಿದ್ದಿತ್ತು. ಚಾರ್ಜಿಗೆ ಹಾಕಿದರೂ ಉಸಿರೆತ್ತಲಿಲ್ಲ. ಅದನ್ನು ಮತ್ತೆ ಅದೇ ಮಡಿಕೆಯಲ್ಲಿಟ್ಟು ಅಲಮಾರಿ ಮುಚ್ಚಿದ.

ಮಂಗಳವಾರ ಹನ್ನೊಂದೂವರೆಗೇ ಸರ್ವರ್ ರೂಮಿನ ಬಾಗಿಲು ಹಾಕಿಕೊಂಡು ತೆರೆಯ ಮುಂದೆ ಕೂತ. ಹನ್ನೊಂದು ನಲವತ್ತೆರಡಕ್ಕೆ, ಅವನು ನೋಡುತ್ತಿದ್ದಂತೆಯೇ, ಮೊದಲ ಕೆಂಪು ಸಾಲು ಮೂಡಿತು. ಮುಕ್ಕಾಲು ನಿಮಿಷ ಬಿಟ್ಟು ಎರಡನೆಯದು. ಆಮೇಲೆ ಮೂರನೆಯದು. ಕೃಷ್ಣಕಾಂತ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಏಕೆಂದರೆ ಇದೇ ಕುರ್ಚಿಯಲ್ಲಿ ಕೂತು, ಇದೇ ಹನ್ನೊಂದು ಸಾಲನ್ನು ಅವನು ಹಿಂದೊಮ್ಮೆ ನೋಡಿದ್ದ.

ಆ ಮಾತನ್ನು ಅವನು ಹೆತ್ತ ತಾಯಿಗೂ ಹೇಳಿರಲಿಲ್ಲ. ಹನ್ನೊಂದು ತಿಂಗಳ ಹಿಂದೆ, ಆಫೀಸಿನ ಹೊತ್ತಿನಲ್ಲಿ ಜನ ವಿಡಿಯೋ ಕರೆಯಲ್ಲೇ ಮುಳುಗಿರುತ್ತಾರೆ ಎಂದು ಮ್ಯಾನೇಜರು ರೇಗಿ, ಇಂಟರ್‌ನೆಟ್ ಕರೆಗಳನ್ನೆಲ್ಲ ಬಂದ್ ಮಾಡಿಸಿದ್ದರು. ಸ್ಟೋರ್ ರೂಮು ತಗಡಿನ ಗೋದಾಮಿನ ಹೊಟ್ಟೆಯೊಳಗಿತ್ತು. ಸರ್ವರ್ ರೂಮಿನ ಗೋಡೆ ಎರಡು ಮೊಳ ದಪ್ಪ. ಎರಡೂ ಕಡೆ ಮೊಬೈಲ್ ಸಿಗ್ನಲ್ ಸತ್ತರೂ ಬರುತ್ತಿರಲಿಲ್ಲ. ಹಾಗಾಗಿ ಅಪ್ಪ ಮಗನಿಗೆ ವೈಫೈಯಲ್ಲೇ ಕರೆ ಮಾಡುತ್ತಿದ್ದರು. ನಿಯಮ ಬಂದ ಮೂರನೆಯ ದಿನ ತೆರೆಯ ಮೇಲೆ ವಾಸುದೇವ ಎಂಬ ಹೆಸರು ಕೆಂಪಾಗಿ ಮೂಡಿದಾಗ ಕೃಷ್ಣಕಾಂತನಿಗೆ ನಗು ಬಂದಿತ್ತು. ಅಪ್ಪನಿಗೊಂದು ಕಾಯಿದೆ, ಊರಿಗೊಂದು ಕಾಯಿದೆ ಅಂತ ಯಾರೂ ಆಡಿಕೊಳ್ಳಬಾರದು, ಗೊತ್ತಾಗಲಿ ಬಿಡು ಅವರಿಗೂ, ಎಂದುಕೊಂಡು ಟೀ ಕುಡಿದಿದ್ದ. ಹನ್ನೊಂದು ಸಲ ಅಪ್ಪ ಬಾಗಿಲು ತಟ್ಟಿದ್ದರು. ಹನ್ನೊಂದು ಸಲವೂ ಮಗ ಕೂತು ನೋಡಿದ್ದ. ಊಟ ಮುಗಿಸಿ ಬಂದ ಹಮಾಲಿ ಬಜಾರಪ್ಪ ಸ್ಟೋರ್ ರೂಮಿನಲ್ಲಿ ಅವರನ್ನು ಕಂಡಾಗ ಅವರ ಮೈ ಆಗಲೇ ತಣ್ಣಗಾಗಿತ್ತು.

ಹತ್ತನೆಯ ದಿನ ತುಂಗಭದ್ರೆಯ ದಂಡೆಯಲ್ಲಿ ಪಿಂಡ ಇಟ್ಟಾಗ ಕಾಗೆ ಮುಟ್ಟಲಿಲ್ಲ. ಗಂಟೆಗಟ್ಟಲೆ ಕಾದರು. ‘ಅವರ ಮನಸಿನ್ಯಾಗ ಏನೋ ಉಳದದ, ಏನು ನಡಸಿಕೊಡ್ತೀಯೋ ಬಾಯಿ ಬಿಟ್ಟು ಹೇಳು’ ಎಂದರು ಆಚಾರ್ಯರು. ಅಮ್ಮನನ್ನು ನೋಡಿಕೊಳ್ಳುತ್ತೇನೆ ಎಂದ, ಮನೆಯ ಪೂಜೆ ಬಿಡುವುದಿಲ್ಲ ಎಂದ. ಕೇಳಬೇಕಾದ ಕ್ಷಮೆಯನ್ನು ಮಾತ್ರ ಅಷ್ಟು ಜನರ ಮುಂದೆ ಕೇಳಲಾಗಲಿಲ್ಲ. ಕೊನೆಗೆ ದರ್ಭೆಯ ಕಾಗೆ ಮಾಡಿ ಮುಟ್ಟಿಸಿ ಎದ್ದು ಬಂದರು. ಅಪ್ಪ ಹೋಗಿಲ್ಲ ಎಂಬ ಮುಳ್ಳು ಅಂದಿನಿಂದ ಅವನ ಎದೆಯಲ್ಲೇ ಉಳಿಯಿತು. ಅವರ ಬಳಕೆದಾರ ಖಾತೆಯನ್ನು ಅಳಿಸಲು ಕೈ ಬಾರದೆ ಹಾಗೇ ಬಿಟ್ಟಿದ್ದೂ ಇದಕ್ಕೇ.

ಬುಧವಾರ ಹೈದರಾಬಾದಿನ ಹೆಡ್ ಆಫೀಸಿನಿಂದ ಶ್ರೀವಾಣಿಯ ಫೋನು ಬಂತು. ನಂದವರಂ ಕಡೆಯ ಹುಡುಗಿ, ಕಂಪನಿಯ ಕಂಪ್ಯೂಟರ್ ಭದ್ರತೆಯ ತಪಾಸಣೆ ಅವಳದು. ಮಾತು ಮೆತ್ತಗೆ, ಹಿಡಿತ ಮಾತ್ರ ಗಟ್ಟಿ.

‘ಸರ್, ಕೆಲಸದಾಗ ಇಲ್ಲದವರ ಅಕೌಂಟ್ ಒಂದು ಇನ್ನೂ ಚಾಲೂ ಐತಿ. ದಿನಾ ಹನ್ನೊಂದು ಸಲ ತಟ್ಟಾಕತ್ತೈತಿ. ನೀವು ನೋಡಿಲ್ಲೇನ್ರಿ?’

‘ನೋಡೀನಮ್ಮಾ. ತಗೀತೀನಿ.’

‘ನಾಳೆ ಹನ್ನೆರಡರ ಒಳಗ ತಗೀರಿ. ಇಲ್ಲಾಂದ್ರ ನಾನ ಇಲ್ಲಿಂದ ತಗೀಬೇಕಾಗ್ತೈತಿ. ರಿಪೋರ್ಟಿನ್ಯಾಗ ನಿಮ್ಮ ಹೆಸರು ಬರೋದು ನನಗ ಬ್ಯಾಡ.’

ಅಲ್ಲಿಗೆ ಉಳಿದದ್ದು ನಾಳೆಯ ಒಂದೇ ಹನ್ನೊಂದು ನಲವತ್ತೆರಡು. ಕೃಷ್ಣಕಾಂತ ಎದ್ದು ಸ್ಟೋರ್ ರೂಮಿಗೆ ಹೋದ. ಬಜಾರಪ್ಪ ಬಾಗಿಲ ಹೊರಗೆ ಹತ್ತಿಯ ಅಂಡಿಗೆಯೊಂದಕ್ಕೆ ಒರಗಿ ಕೂತಿದ್ದ.

‘ಒಳಗ ಯಾಕ ಕೂತಿಲ್ಲ ಬಜಾರಪ್ಪ?’

‘ಈ ಹೊತ್ತಿನ್ಯಾಗ ನಾ ಒಳಗ ಇರಂಗಿಲ್ಲ ಸಾಮಿ.’ ಬಜಾರಪ್ಪ ನೆಲ ನೋಡಿದ. ‘ಎವರೂ ಲೇರು, ಯಾರೂ ಇಲ್ಲ, ನೋಡಿದ್ರ ಖಾಲಿ ಕುರ್ಚಿ. ಆದ್ರ ಯಾರೋ ದಮ್ಮು ಹಿಡದು ಹಿಡದು ಬಿಟ್ಟಂಗ ಕೇಳ್ತೈತಿ. ಹತ್ತು ನಿಮಿಷ, ಆಮ್ಯಾಲ ನಿಲ್ತೈತಿ. ನಿಮಗ ಹೆಂಗ ಹೇಳಬೇಕು ಅಂತ ಸುಮ್ಮನಿದ್ದೆ.’

ಕೃಷ್ಣಕಾಂತ ಒಳಗೆ ಹೋಗಲಿಲ್ಲ. ಹೊಸ್ತಿಲಲ್ಲಿ ನಿಂತು ವಾಚು ನೋಡಿದ, ಹನ್ನೊಂದು ನಲವತ್ತೈದಾಗಿತ್ತು. ಅವನಿಗೂ ಅದು ಕೇಳಿಸಿತು.

ಗುರುವಾರ ಅವನು ಹನ್ನೆರಡು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ಫೈರ್‌ವಾಲಿನ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ, ಮೊದಲು ಹೊಂದಿಕೆಯಾದ ನಿಯಮವೇ ನಡೆಯುತ್ತದೆ. ಎಲ್ಲಕ್ಕಿಂತ ಮೇಲೆ ಒಂದು ಹೊಸ ನಿಯಮ ಬರೆದ: ವಾಸುದೇವ, ಕೃಷ್ಣಕಾಂತ, ಇಬ್ಬರ ನಡುವೆ ಕರೆಗೆ ಅನುಮತಿ. ಹೇಳಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದ. ತಪ್ಪು ನನ್ನದು, ನಾನು ನೋಡಿಯೂ ಬಾಗಿಲು ತೆಗೆಯಲಿಲ್ಲ, ಕ್ಷಮಿಸಿರಿ, ಅಮ್ಮನ ಚಿಂತೆ ಬಿಡಿರಿ, ಇನ್ನು ನೀವು ಹೊರಡಿರಿ. ಅಪ್ಪನನ್ನು ಕಳಿಸಿಕೊಡಲು ಇದಕ್ಕಿಂತ ಬೇರೆ ದಾರಿ ಅವನಿಗೆ ತೋಚಲಿಲ್ಲ. ಚೀಟಿಯನ್ನು ಹತ್ತು ಸಲ ಓದಿ ಬಾಯಿಪಾಠ ಮಾಡಿದ.

ಹನ್ನೊಂದು ನಲವತ್ತೆರಡು. ತೆರೆಯ ಮೇಲೆ ಹಸಿರು ಸಾಲು ಬಂತು. ಟೇಬಲ್ಲಿನ ಮೇಲಿದ್ದ ಫೋನು ನಡುಗಿತು, ಅದರ ಮೇಲೆ ಅಪ್ಪ ಎಂದು ಹೆಸರು.

ಎತ್ತಿದಾಗ ಮೊದಲು ಕೇಳಿಸಿದ್ದು ಮಿಲ್ಲಿನ ಹಳೆಯ ಜಿನ್ನಿಂಗ್ ಯಂತ್ರದ ಕಡಕಡ. ಆ ಯಂತ್ರವನ್ನು ಬೇಸಿಗೆಯಲ್ಲೇ ಬಿಚ್ಚಿ ಲಾರಿಗೆ ಹಾಕಿ ಕಳಿಸಿಯಾಗಿತ್ತು. ಅದರ ಹಿಂದಿನಿಂದ ಅಪ್ಪನ ದನಿ.

‘ಕೃಷ್ಣಾ, ಫೋನು ಹತ್ತಿತಲ್ಲ ಸದ್ಯ. ಏನ್ ಮಾಡ್ಲಿಕ್ಕತ್ತಿದ್ದಿ?’

‘ಇಲ್ಲೇ ಇದ್ದೆ ಅಪ್ಪಾ.’

‘ಎದಿ ಒಂಥರಾ ಹಿಡದದ ನೋಡು. ಬೆವರು ಭಾಳ ಬರ್ಲಿಕ್ಕತ್ತದ. ಬಜಾರಪ್ಪ ಊಟಕ್ಕ ಹೋಗ್ಯಾನ. ನೀನು ಒಂಚೂರು ಬರ್ತೀಯೇನು?’

ಅದರಲ್ಲಿ ದೂರಿರಲಿಲ್ಲ, ಬೇಸರವಿರಲಿಲ್ಲ. ಸತ್ತವರ ದನಿಯೂ ಅಲ್ಲ ಅದು. ಇನ್ನೂ ಬದುಕಿದ್ದವರ, ಇನ್ನೂ ಹೊತ್ತು ಮೀರದವರ ದನಿ. ಇನ್ನೂರು ಹೆಜ್ಜೆ ಓಡಿದರೆ ಆಯಿತು, ಆಸ್ಪತ್ರೆ ಊರಲ್ಲೇ ಇದೆ. ಕೃಷ್ಣಕಾಂತನ ಕಣ್ಣು ಮಂಜಾಯಿತು, ಚೀಟಿಯ ಅಕ್ಷರ ಒಂದೂ ಕಾಣಲಿಲ್ಲ. ಯಾರೇ ಕರೆದರೂ ಈ ಕೆಲಸದವರು ಹೇಳುವ ಮಾತನ್ನೇ ಬಾಯಿ ತಾನಾಗಿ ಹೇಳಿಬಿಟ್ಟಿತು.

‘ಬಂದೆ ಅಪ್ಪಾ, ಹತ್ತು ನಿಮಿಷ. ಎಲ್ಲಿಗೂ ಹೋಗಬ್ಯಾಡ್ರಿ, ಅಲ್ಲೇ ಕೂತಿರ್ರಿ.’

‘ಹಂಗ ಆಗ್ಲಿ.’ ಅಪ್ಪನ ದನಿ ಹಗುರಾಯಿತು. ‘ನೀ ಬರೋತನಕ ಇಲ್ಲೇ ಕೂತಿರ್ತೀನಿ. ಗಡಬಡಿಸಬ್ಯಾಡ.’

ಕರೆ ಕಟ್ಟಾಯಿತು.

ಅವನು ಓಡಿದ. ಚಪ್ಪಲಿ ಎಲ್ಲೋ ಕಳಚಿತು. ಬಜಾರಪ್ಪ ದಿಗಿಲುಬಿದ್ದು ದಾರಿ ಬಿಟ್ಟ. ಸ್ಟೋರ್ ರೂಮಿನಲ್ಲಿ ಕುರ್ಚಿ ಖಾಲಿಯಿತ್ತು. ‘ಅಪ್ಪಾ, ಬಂದೀನಿ’ ಎಂದ. ಬಂದದ್ದು ಹನ್ನೊಂದು ತಿಂಗಳು ತಡವಾಗಿ. ಆ ಹೊತ್ತಿನಲ್ಲಿ ಕೂತವರಿಗೆ ಈ ಹೊತ್ತಿನಲ್ಲಿ ಬಂದವನು ಹೇಗೆ ಕಾಣಬೇಕು? ಚೀಟಿಯಲ್ಲಿದ್ದುದನ್ನೆಲ್ಲ ಕುರ್ಚಿಯ ಮುಂದೆ ಗಟ್ಟಿಯಾಗಿ ಹೇಳಿದ, ಅಳುತ್ತ ಮತ್ತೊಮ್ಮೆ ಹೇಳಿದ. ಗೋದಾಮಿನಿಂದ ಹೊರಗೆ ಬಂದು, ಸಿಗ್ನಲ್ ಇರುವಲ್ಲಿ ನಿಂತು ಅಪ್ಪನ ನಂಬರಿಗೆ ಹಚ್ಚಿದ. ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಹೆಣ್ಣುದನಿಯೊಂದು ತೆಲುಗಿನಲ್ಲಿ ಹೇಳಿತು. ಅಷ್ಟರಲ್ಲಿ ಹನ್ನೆರಡು ಹೊಡೆದಿತ್ತು. ಶ್ರೀವಾಣಿ ಹೇಳಿದಂತೆ ಮಾಡಿದ್ದಳು.

ಶುಕ್ರವಾರ ಹನ್ನೊಂದು ನಲವತ್ತೆರಡಕ್ಕೆ ತೆರೆಯ ಮೇಲೆ ಕೆಂಪೂ ಬರಲಿಲ್ಲ, ಹಸಿರೂ ಬರಲಿಲ್ಲ. ಶನಿವಾರವೂ ಅಷ್ಟೇ. ಸಮಸ್ಯೆ ಬಗೆಹರಿಯಿತು, ಥ್ಯಾಂಕ್ಸ್ ಸರ್, ಎಂದು ಶ್ರೀವಾಣಿ ಮೆಸೇಜು ಹಾಕಿದಳು. ಅಕೌಂಟು ಅಳಿಸಿದ್ದರಿಂದ ತಟ್ಟುವುದು ನಿಂತಿತೆಂದು ಅವಳು ತಿಳಿದಿದ್ದಳು. ಅಕೌಂಟಿಲ್ಲದ ಹೆಸರು ತಟ್ಟಿದರೂ ಕೆಂಪು ಸಾಲು ಬರಲೇಬೇಕು ಎಂಬುದು ಕೃಷ್ಣಕಾಂತನಿಗೆ ಗೊತ್ತಿತ್ತು. ಮಗ ಬರುತ್ತೇನೆಂದ ಮೇಲೆ ಅಪ್ಪ ಇನ್ನೊಮ್ಮೆ ಕರೆ ಮಾಡುವವರಲ್ಲ.

ಆ ರವಿವಾರ ಸಕ್ಕೂಬಾಯಿ ವರ್ಷಾಂತಿಕಕ್ಕೆ ಬೇಕಾದ ಎಳ್ಳು ಆರಿಸುತ್ತ ಕೂತಿದ್ದಳು. ‘ಈ ಸಲ ಎಲ್ಲಾ ಛಂದಾಗಿ ಮಾಡೋಣ ಕೃಷ್ಣಾ’ ಎಂದಳು. ‘ಏನು ಮನಸಿನ್ಯಾಗ ಇಟ್ಟುಕೊಂಡು ನಿಂತಿದ್ದರೋ ಪಾಪ. ಇನ್ನಾದ್ರೂ ಸಮಾಧಾನದಿಂದ ಹೋಗ್ತಾರಲ್ಲ?’

ಕೃಷ್ಣಕಾಂತ ತಾಯಿಯ ಪಕ್ಕ ಕೂತು ತಾನೂ ಎಳ್ಳಿಗೆ ಕೈ ಹಾಕಿದ. ಅಲ್ಲೇ ಕೂತಿರ್ರಿ ಎಂದು ತಾನೇ ಹೇಳಿದ್ದೇನೆ ಎಂದು ಅವಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.