ಪಟ್ಟಿಗೆ ಉಣಿಸಿದ ನೀರು

ರೈಲಿನ ಕಿಟಕಿಯಿಂದ ಖಾಡಿಯ ಕೊಳಚೆ ನೀರಿನ ನಾತ ಬಂತು, ಅಂದರೆ ಮಾಹೀಮ್ ದಾಟಿತು, ನಾವು ಇಳಿಯುವ ದಹಿಸರ್ ಇನ್ನೂ ದೂರ, ಎದುರಿನ ಸೀಟಿನಲ್ಲಿ ಹೆಂಡತಿ ಸೋಮವ್ವ, ಅವಳ ತೊಡೆಯ ಮೇಲೆ ನಮ್ಮ ನಾಗವ್ವ — ಯುದ್ಧದ ಬ್ಲ್ಯಾಕೌಟಿನ ಕತ್ತಲೆಯಲ್ಲಿ ಹುಟ್ಟಿದ ಎಂಟು ತಿಂಗಳ ಕೂಸು, ಎಡಪಾದ ಒಳಕ್ಕೆ ತಿರುಚಿಕೊಂಡೇ ಹುಟ್ಟಿದ್ದು — ಸದ್ಯ ಅಳುತ್ತಿಲ್ಲ, ಅತ್ತರೆ ಇಲ್ಲೇ ಒಂದು ಬಾರಿಸುತ್ತಿದ್ದೆ. ಆಸ್ಪತ್ರೆಯ ಡಾಕ್ಟರ್ ನಮ್ಮ ಕಡೆಯವನೇ, ಧಾರವಾಡದವನು, ಮೊದಲ ಸಲ ಹೋದಾಗ ಪಾದವನ್ನು ತುಸು ನೆಟ್ಟಗೆ ಒತ್ತಿ ಹಿಡಿದು ಬಿಳಿ ಹಿಟ್ಟಿನ ಹಸಿ ಪಟ್ಟಿ, ಪ್ಲಾಸ್ಟರು, ಸುತ್ತಿದ್ದ, ಕೂಸಿನ ಎಲುಬು ಎಳೇದೈತಿ, ಹೆಂಗ ಒತ್ತಿ ಹಿಡೀತೀವೋ ಹಂಗ ಬೆಳೀತೈತಿ, ವಾರಕ್ಕೊಮ್ಮೆ ಬರ್ರಿ, ಪಟ್ಟಿ ಬದಲಿ ಮಾಡಬೇಕು, ಅಂದಿದ್ದ. ಅದನ್ನು ನನಗೆ ಹೇಳಬೇಕೇ, ಹದಿನಾಲ್ಕು ವರ್ಷ ಗಾರೆ ಕೆಲಸ ಮಾಡಿದ ಗೌಂಡಿಗೆ, ನಾನು ಹಾಕಿದ ಒಂದು ಸ್ಲ್ಯಾಬೂ ಬಿರುಕು ಬಿಟ್ಟಿಲ್ಲ, ಅಡಿಯ ಹಲಗೆ ಬೇಗ ಬಿಚ್ಚಿದರೆ ಕುಸಿಯುತ್ತದೆ, ಸಿಮೆಂಟಿಗೆ ನೀರುಣಿಸದಿದ್ದರೆ ಗಟ್ಟಿಯಾಗುವುದಿಲ್ಲ, ಅದಕ್ಕೇ ಎರಡು ತಿಂಗಳು ಆಸ್ಪತ್ರೆಗೆ ಕಳಿಸಲಿಲ್ಲ, ಬೆಳಿಗ್ಗೆ ಸಂಜೆ ಪಟ್ಟಿಗೆ ಹಸಿ ಗೋಣಿ ಸುತ್ತಿ ತಂಬಿಗೆಯಿಂದ ನೀರು ಬಿಟ್ಟೆ. ಬ್ಯಾಡ್ರೀ, ನೀರ ಮುಟ್ಟಸಬ್ಯಾಡ ಅಂದಾರ, ಮೆತ್ತಗಾಗಾಕ ಹತ್ತೇತಿ, ಅಂದಳು ಸೋಮವ್ವ. ಗೌಂಡಿ ನೀನೋ ನಾನೋ, ಗಾರೆ ಬುಟ್ಟಿ ಹೊರಾಕಿ ನನಗ ಕಲಸ್ತೀಯೇನ, ಕೆನ್ನೆಗೊಂದು ಕೊಟ್ಟೆ.

ಇವತ್ತು ಆಸ್ಪತ್ರೆಯಲ್ಲಿ ಪಟ್ಟಿ ಕತ್ತರಿಸಿದರೆ ಒಳಗೆ ಬರೀ ರಾಡಿ, ಹುಣ್ಣು, ಪಾದ ಮೊದಲಿಗಿಂತ ಸೊಟ್ಟ — ಡಾಕ್ಟರ್ ಅಂದ, ಇನ್ನ ಒತ್ತಿದ್ರ ಬಗ್ಗೂದಿಲ್ಲ, ಕೊಯ್ಯಬೇಕು, ಕೊಯ್ದ್ರೂ ನೆಟ್ಟಗ ನಡೀತಾಳಂತ ಹೇಳಾಕಾಗೂದಿಲ್ಲ, ನೀರ ಹಾಕಿದವ್ರು ಯಾರು? ನನ್ನ ಬಾಯಿ ತಾನಾಗಿ ತೆರೆಯಿತು, ಇಕೀನ್ರೀ ಸಾಹೇಬ್ರ, ತಿಳಿವಳಿಕಿ ಇಲ್ಲ ಇಕೀಗೆ. ಎಲ್ಲರ ಮುಂದೆ ಅವಳನ್ನು ಬೈದ, ನೀ ತಾಯಿ ಏನಬೇ? ಅವಳು ಒಮ್ಮೆ ನನ್ನತ್ತ ನೋಡಿದಳು, ಇಲ್ಲ ಅನ್ನಲಿಲ್ಲ, ಅನ್ನಬಾರದಿತ್ತೇ ರಂಡೆ, ಅಂದಿದ್ದರೆ ಮನೆಗೆ ಹೋಗಿ ನಾಲ್ಕು ಬಡಿದಾದರೂ ಹಗುರಾಗುತ್ತಿದ್ದೆ, ಈಗ ಎಲ್ಲಿ ಇಳಿಸಲಿ ಇದನ್ನು, ನನಗೆ ನಾಚಿಕೆಯಾಗುತ್ತಿದೆ, ಹೆದರಿಕೆಯೂ ಆಗುತ್ತಿದೆ. ಬಾಂದ್ರಾ ಸ್ಟೇಷನ್, ಜನ ನುಗ್ಗುತ್ತಾರೆ, ಅವಳ ಸೆರಗು ಸರಿಯಿತು, ಅಡಿಯಲ್ಲಿ ಕೈ ಏನೋ ಮಾಡುತ್ತಿದೆ — ಅವತ್ತು ಡಾಕ್ಟರ್ ಮಾಡಿದ ಹಾಗೆಯೇ ಹೆಬ್ಬೆರಳಿನಿಂದ ಪಾದವನ್ನು ಹೊರಕ್ಕೆ ಒತ್ತುತ್ತಾಳೆ, ಬಿಡುತ್ತಾಳೆ, ಒಳಕ್ಕೆ ತಿರುಗುತ್ತದೆ. ಸಾಕ ಬಿಡಲೇ, ಅಂದೆ, ತಲೆ ಎತ್ತಲಿಲ್ಲ. ಖಾರ್, ಸಾಂತಾಕ್ರೂಜ್, ಒತ್ತುತ್ತಾಳೆ, ಬಿಡುತ್ತಾಳೆ, ಕಣ್ಣು ಮುಚ್ಚಿಕೊಂಡೆ, ಮುಚ್ಚಿದರೂ ಆ ಹೆಬ್ಬೆರಳು, ಆ ಪಾದ, ಒತ್ತುತ್ತಾಳೆ, ಬಿಡುತ್ತಾಳೆ, ಒಳಕ್ಕೆ ತಿರುಗುತ್ತದೆ, ಒತ್ತುತ್ತಾಳೆ, ಒಳಕ್ಕೆ ತಿರುಗುತ್ತದೆ